ಪಾಚಿ ಉಜ್ಜುತ್ತಾ

ನವೆಂಬರ್ 2 ಹತ್ತಿರ ಬಂತು, ನಮ್ಮ ಕಥೋಲಿಕ ಕ್ರೈಸ್ತರ ಸಕಲ ಮೃತರ ಸ್ಮರಣೆಯ ದಿನ. ಇವತ್ತು ಸಾಗರ ಊರಿನಲ್ಲಿ ಅಜ್ಜಿಯ ಸಮಾಧಿ ತೊಳೆಯಲು ಹೋಗಿದ್ದೆವು.

ಮಲೆನಾಡಿನ ಮಳೆ ಗೊತ್ತಲ್ಲ, ಕಲ್ಲಿನ ತುಂಬಾ ದಪ್ಪ ಪಾಚಿ. ತೆಂಗಿನ ನಾರಲ್ಲಿ ಉಜ್ಜಿ ಉಜ್ಜಿ ಕೈ ಹಸಿರಾಯಿತು. ಪಕ್ಕದ ಗ್ರಾನೈಟ್ ಸಮಾಧಿಗೂ ಅಷ್ಟೇ ಪಾಚಿ. ಬಂಗಾರದ ಬಣ್ಣದಲ್ಲಿ ಬರೆಸಿದ್ದ ಪದವಿ, ಎಸ್ಟೇಟಿನ ಹೆಸರು, ಎಲ್ಲ ಮುಚ್ಚಿಹೋಗಿತ್ತು. ಅದನ್ನೂ ಉಜ್ಜಿದೆವು, ಸುಮ್ನೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 12ನೇ ಅಧ್ಯಾಯದ ಸಾಹುಕಾರ ನೆನಪಾದ. ಬೆಳೆ ಜಾಸ್ತಿ ಬಂತೆಂದು ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಿಸಲು ಹೊರಟವನು. ಅವನಿಗೆ ಉಳಿದಿದ್ದು ಅದೊಂದೇ ರಾತ್ರಿ.

ಅಡಿಕೆಗೆ ರೇಟ್ ಬಂದ ವರ್ಷ ನಮ್ಮ ಕಡೆಯೂ ಇದೇ ಲೆಕ್ಕಾಚಾರ ಅಲ್ವಾ? ದುಡಿಯುವುದು ತಪ್ಪಲ್ಲ, ಖಂಡಿತ ಅಲ್ಲ. ಆದರೆ ಅಜ್ಜಿಗೆ ತೋಟವಿರಲಿಲ್ಲ, ಯೇಸು ತನ್ನನ್ನು ಸಾವಿನಿಂದ ಎಬ್ಬಿಸುತ್ತಾನೆ ಎನ್ನುವ ಧೈರ್ಯವಿತ್ತು. ನನಗೂ ಮೊದಲು ಅದು ಬೇಕು. ಸೈಟು, ಪ್ರಮೋಷನ್ ಎಲ್ಲ ಆಮೇಲೆ.