ಬಿಗ್‌ಫುಟ್ ರೀಲಿನ ಲೆಕ್ಕ: ಕ್ಯಾಮೆರಾದ ವೇಗ ಎಷ್ಟಿತ್ತು?

ಅಮೆರಿಕದ ಕಾಡಿನಲ್ಲಿದೆ ಎಂದು ಕೆಲವರು ನಂಬುವ ಬಿಗ್‌ಫುಟ್ ಎಂಬ ಪ್ರಾಣಿಯದ್ದು ಎನ್ನುವ ಪ್ಯಾಟರ್ಸನ್-ಗಿಮ್ಲಿನ್ ರೀಲನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ನೋಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ನಡಿಗೆಯ ಲೆಕ್ಕ ಮುಗಿಯಿತು. ಎತ್ತರದ್ದು ಅರ್ಧ ಆಗಿದೆ. ಅದು ವೇಷ ಹಾಕಿದ ಮನುಷ್ಯನೇ ಎಂಬ ವಿಷಯಕ್ಕೆ ಕೈ ಹಾಕಿಲ್ಲ, ಹಾಕುವ ಆಸೆಯೂ ಇಲ್ಲ.

ಹೊಸಬರಿಗೆ ಚಿಕ್ಕದಾಗಿ ಹಿನ್ನೆಲೆ. 1967ರ ಅಕ್ಟೋಬರ್ 20ರಂದು ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬ ಹೊಳೆಯ ದಂಡೆಯಲ್ಲಿ ರೋಜರ್ ಪ್ಯಾಟರ್ಸನ್, ಬಾಬ್ ಗಿಮ್ಲಿನ್ ಇಬ್ಬರೂ ಕುದುರೆ ಮೇಲೆ ಹೋಗುತ್ತಿದ್ದರು. ಮೈತುಂಬ ಕೂದಲಿರುವ ದೊಡ್ಡ ಪ್ರಾಣಿಯೊಂದು ಎರಡು ಕಾಲಲ್ಲಿ ನಡೆದು ಹೋಯಿತು, ಅದನ್ನು 16 ಎಂಎಂ ಕ್ಯಾಮೆರಾದಲ್ಲಿ ಹಿಡಿದೆವು ಎಂದರು. ಒಟ್ಟು 954 ಫ್ರೇಮ್, ಒಂದು ನಿಮಿಷವೂ ಇಲ್ಲ. ಅದು ತಿರುಗಿ ನೋಡುವ 352ನೇ ಫ್ರೇಮ್ ಅನ್ನು ಎಲ್ಲರೂ ಒಂದಲ್ಲ ಒಂದು ಕಡೆ ನೋಡಿರುತ್ತೀರಿ. ಪ್ಯಾಟರ್ಸನ್ ಹಿಂದಿನ ವರ್ಷವೇ ಈ ಪ್ರಾಣಿಯ ಬಗ್ಗೆ ಪುಸ್ತಕ ತಂದಿದ್ದರು, ಆಗ ಅದರ ಮೇಲೊಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದರು. ಇದನ್ನೇ ದೊಡ್ಡ ಅನುಮಾನ ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹುಡುಕಿದವರಿಗೆ ತಾನೇ ಸಿಗುವುದು?

ಮೊದಲ ಕೆಲಸ ಒಳ್ಳೆಯ ಪ್ರತಿ ಆರಿಸುವುದು. ಮೂಲ ರೀಲು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನಮಗೆ ಸಿಗುವುದೆಲ್ಲ ಪ್ರತಿಯ ಪ್ರತಿ. ಅದರಲ್ಲೂ ಟಿವಿಗೆ ಹಾಕಿದ ಪ್ರತಿಗಳಲ್ಲಿ ಸೆಕೆಂಡಿಗೆ 30 ಚಿತ್ರ ಬರಲಿ ಎಂದು ಕೆಲವು ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಿರುತ್ತಾರೆ. ಅವನ್ನು ತೆಗೆಯದೆ ಎಣಿಸಿದರೆ ಹೆಜ್ಜೆಯ ಲೆಕ್ಕವೇ ಕೆಡುತ್ತದೆ. ಅಕ್ಕಪಕ್ಕದ ಫ್ರೇಮ್‌ಗಳನ್ನು ಒಂದರಿಂದ ಒಂದು ಕಳೆದು ನೋಡಿದೆ. ವ್ಯತ್ಯಾಸ ಸೊನ್ನೆಗೆ ಹತ್ತಿರ ಬಂದದ್ದನ್ನೆಲ್ಲ ಕಿತ್ತು ಹಾಕಿದೆ. ಇನ್ನು ಎಐ ಹಾಕಿ 'ಸ್ಪಷ್ಟ' ಮಾಡಿದ ವಿಡಿಯೋಗಳಂತೂ ಪೂರ್ತಿ ಹೊರಗೆ. ಸ್ನಾಯು ಕುಣಿಯುವುದು, ತುಟಿ ಅಲ್ಲಾಡುವುದು ಎಲ್ಲ ಅದರಲ್ಲಿ ಕಾಣುತ್ತದೆ, ಅಲ್ವಾ? ರೀಲಿನಲ್ಲಿ ಇಲ್ಲದ ವಿವರವನ್ನು ಸಾಫ್ಟ್‌ವೇರ್ ತಾನೇ ಬರೆದು ಕೊಟ್ಟಿರುತ್ತದೆ.

ಈಗ ನಡಿಗೆ. ಬಲಗಾಲು ನೆಲಕ್ಕೆ ತಾಗಿ, ಮತ್ತೆ ಅದೇ ಬಲಗಾಲು ತಾಗುವವರೆಗೆ ಸುಮಾರು 22 ಫ್ರೇಮ್ ಹಿಡಿಯುತ್ತದೆ. ಇಲ್ಲಿಂದಲೇ ತಕರಾರು ಶುರು. ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ ಓಡಿದ್ದರೆ ಈ ಎರಡು ಹೆಜ್ಜೆಗೆ 0.9 ಸೆಕೆಂಡ್. 18 ಆದರೆ 1.2 ಸೆಕೆಂಡ್. 16 ಆದರೆ ಹತ್ತಿರ ಹತ್ತಿರ 1.4 ಸೆಕೆಂಡ್. ನೀವು ನಾವು ಮಾಮೂಲಿಯಾಗಿ ನಡೆದರೆ ಒಂದು ಸೆಕೆಂಡ್ ಆಸುಪಾಸು ಬೇಕು. ಅಂದರೆ 24ರಲ್ಲಿ ಅದು ಬಿರಬಿರನೆ ನಡೆಯುವ ಮನುಷ್ಯ, 16ರಲ್ಲಿ ಏನೋ ಬೇರೆ. ಲಂಡನ್ನಿನ ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ತಜ್ಞ ಡಾನ್ ಗ್ರೀವ್ ಆ ಕಾಲದಲ್ಲೇ ಇದನ್ನು ಹೇಳಿದ್ದರು: ವೇಗ ಗೊತ್ತಾಗದೆ ತೀರ್ಪು ಕೊಡಲು ಆಗದು.

ವೇಗ ಎಷ್ಟಿತ್ತು ಎಂದರೆ ಪ್ಯಾಟರ್ಸನ್ ಅವರಿಗೇ ಖಾತ್ರಿ ಇರಲಿಲ್ಲ. ಸಾಮಾನ್ಯವಾಗಿ 24ರಲ್ಲಿ ತೆಗೆಯುತ್ತೇನೆ, ಆಮೇಲೆ ನೋಡಿದರೆ ಡಯಲ್ 18ರಲ್ಲಿತ್ತು ಎಂದಿದ್ದರು. ಆದರೆ ಆ ಕೊಡಾಕ್ ಕೆ-100 ಕ್ಯಾಮೆರಾದ ಡಯಲ್ ಮೇಲೆ 16 ಆದ ಮೇಲೆ ಬರುವ ಗುರುತೇ 24. ನಡುವೆ ನಿಲ್ಲಿಸಬಹುದು, ನಿಜ. ಆದರೆ '18' ಎಂದು ಓದುವುದಕ್ಕೆ ಅಲ್ಲಿ ಅಂಕಿ ಇಲ್ಲ.

ನಿಧಾನವಾಗಿ ತೋರಿಸಿದರೆ ಏನಾಗುತ್ತದೆ ಎಂದು ನೋಡಲು ಗೆಳೆಯನೊಬ್ಬನನ್ನು ಹಿಡಿದೆ. ಮೈದಾನದ ಮೂಲೆಯ ಮರಳಿನಲ್ಲಿ, ಮೊಣಕಾಲು ಬಗ್ಗಿಸಿ, ಕೈ ಜೋಲು ಬಿಟ್ಟು ನಡೆಸಿದೆ. ಫೋನಿನಲ್ಲಿ 24ರ ವೇಗದಲ್ಲಿ ತೆಗೆದು 16ರಲ್ಲಿ ಓಡಿಸಿದೆ. ಟೀಶರ್ಟ್ ಹಾಕಿದ ಸಣಕಲು ಮನುಷ್ಯ ಟನ್ನುಗಟ್ಟಲೆ ತೂಕದವನ ಹಾಗೆ ಕಂಡ! ಇದಕ್ಕೆ ಕಾರಣವೂ ಇದೆ. ಜೋಲಾಡುವ ಕೈಕಾಲು ಲೋಲಕದ ನಿಯಮ ಪಾಲಿಸುತ್ತದೆ. ಉದ್ದ ನಾಲ್ಕು ಪಟ್ಟಾದರೆ ತೂಗುವ ಸಮಯ ಎರಡು ಪಟ್ಟಾಗುತ್ತದೆ. 24ರಲ್ಲಿ ತೆಗೆದದ್ದನ್ನು 16ರಲ್ಲಿ ಓಡಿಸಿದರೆ ಸಮಯ ಒಂದೂವರೆ ಪಟ್ಟು ಹಿಗ್ಗುತ್ತದೆ. ನಮ್ಮ ಕಣ್ಣಿಗೆ ಅದು ಎರಡೂಕಾಲು ಪಟ್ಟು ದೊಡ್ಡ ದೇಹ. ಸಿನಿಮಾದವರು ಆಟಿಕೆ ಹಡಗನ್ನು ಹೆಚ್ಚಿನ ವೇಗದಲ್ಲಿ ಚಿತ್ರಿಸಿ ನಿಧಾನಕ್ಕೆ ತೋರಿಸುವುದು ಇದಕ್ಕೇ.

ಹಾಗಂತ ವೇಗ 24 ಎಂದು ಸಾಧಿಸಿದ ಹಾಗಲ್ಲ. ಅದೇ ರೀಲಿನಲ್ಲಿ ಮೊದಲು ಕುದುರೆಗಳ ದೃಶ್ಯವಿದೆ. 24ರಲ್ಲಿ ಓಡಿಸಿದರೆ ಅವು ಸಹಜವಾಗಿ ಕಾಣುವುದಿಲ್ಲ ಎಂದು ರೆನೆ ದಾಹಿಂಡನ್ ಹೇಳಿದ್ದರು. ಈ ರೀಲಿನ ಹಿಂದೆ ವರ್ಷಗಟ್ಟಲೆ ಬಿದ್ದವರು ಅವರು. ಇದು ಒಳ್ಳೆಯ ವಾದ, ತಳ್ಳಿ ಹಾಕಲಾರೆ. ಆದರೆ ನಡುವೆ ಡಯಲ್ ಮುಟ್ಟಿಲ್ಲ ಎಂದು ಹೇಗೆ ಹೇಳುವುದು? ಪ್ಯಾಟರ್ಸನ್ ಓಡುವಾಗಿನ ಕುಲುಕಾಟ ಎಣಿಸಿ 16 ಎಂದು ವಾದಿಸಿದ ರಷ್ಯಾದವರೂ ಇದ್ದಾರೆ. ನಾನೂ ಫೋನ್ ಹಿಡಿದು ಕಲ್ಲುನೆಲದಲ್ಲಿ ಓಡಿ ನೋಡಿದೆ. ಪ್ರತಿ ಹೆಜ್ಜೆಗೂ ಒಂದೇ ಕುಲುಕು ಬರುವುದಿಲ್ಲ. ಕೈಯದ್ದೇ ಜಾಸ್ತಿ.

16 ಎಂದೇ ಒಪ್ಪಿಕೊಳ್ಳೋಣ. ಆಗಲೂ ಪ್ರಾಣಿ ಎಂದಾಗುವುದಿಲ್ಲ. ಮೊಣಕಾಲು ಬಗ್ಗಿಸಿ ತೇಲಿದಂತೆ ನಡೆಯುವುದು ಮನುಷ್ಯರಿಗೆ ಕಷ್ಟವೇ ಅಲ್ಲ ಎಂದು ಮಾನವಶಾಸ್ತ್ರಜ್ಞರಾದ ಡೇವಿಡ್ ಡೇಗ್ಲಿಂಗ್ ಮತ್ತು ಡೇನಿಯಲ್ ಸ್ಮಿಟ್ 1999ರಲ್ಲೇ ಬರೆದಿದ್ದಾರೆ. ನನ್ನ ಗೆಳೆಯ 1.4 ಸೆಕೆಂಡಿನ ನಡಿಗೆಯನ್ನು ಸ್ವಲ್ಪ ಅಭ್ಯಾಸ ಮಾಡಿ ತಂದುಕೊಂಡ. ಆಮೇಲೆ ತೊಡೆ ನೋವು ಎಂದು ಬೈದ, ಅದು ಬೇರೆ.

ಎತ್ತರಕ್ಕೆ ಬಂದರೆ ಇದೇ ಕಥೆ ಇನ್ನೂ ಜೋರು. 352ನೇ ಫ್ರೇಮ್ ಹೊತ್ತಿಗೆ ಕ್ಯಾಮೆರಾದಿಂದ ದೂರ ಸುಮಾರು 102 ಅಡಿ ಎಂಬುದು ಎಲ್ಲರೂ ಬಳಸುವ ಅಂಕಿ. ಆಕೃತಿ ಫ್ರೇಮಿನ ಎತ್ತರದಲ್ಲಿ ಹೆಚ್ಚುಕಮ್ಮಿ ಆರನೇ ಒಂದು ಭಾಗ. ಅಂದರೆ ಫಿಲ್ಮ್ ಮೇಲೆ 1.25 ಮಿಲಿಮೀಟರ್. ಲೆನ್ಸಿನ ಎಂಎಂ ಎಂದರೆ ಫಿಲ್ಮಿನ ಅಗಲವಲ್ಲ, ನಾಭಿದೂರ; ಅದು ಕಡಿಮೆಯಾದಷ್ಟು ಆಕೃತಿ ಚಿಕ್ಕದಾಗಿ ಮೂಡುತ್ತದೆ. ಆ ಕ್ಯಾಮೆರಾದ ಮಾಮೂಲಿ 25 ಎಂಎಂ ಲೆನ್ಸ್ ಎಂದುಕೊಂಡರೆ ಎತ್ತರ 5 ಅಡಿ ಚಿಲ್ಲರೆ ಮಾತ್ರ! ಬಗ್ಗಿ ನಡೆಯುತ್ತಿದೆ ಎಂದು ಸ್ವಲ್ಪ ಸೇರಿಸಿದರೂ ದೈತ್ಯ ಆಗುವುದಿಲ್ಲ. 20 ಎಂಎಂ ಆದರೆ ಆರೂವರೆ ಅಡಿಯ ಹತ್ತಿರ. 15 ಎಂಎಂ ಆದರೆ ಎಂಟೂವರೆ. ಸಿನಿಮಾ ವೇಷಗಳ ಅನುಭವ ಇರುವ ಬಿಲ್ ಮನ್ಸ್ ಲೆನ್ಸ್ 25 ಅಲ್ಲ ಎಂದು ವಾದಿಸಿದ್ದು ಸುಮ್ನೆ ಅಲ್ಲ. ಅದು 25 ಆಗಿದ್ದರೆ ನಂಬುವವರಿಗೆ ತಲೆನೋವು. ದೂರದ ಅಳತೆ ತಪ್ಪಿದ್ದರೂ ಇದೆಲ್ಲ ಬದಲಾಗುತ್ತದೆ. ಪ್ಯಾಟರ್ಸನ್ ಮೊದಲು ಆರೂವರೆಯಿಂದ ಏಳು ಅಡಿ ಎಂದಿದ್ದರು, ಆಮೇಲೆ ಏಳೂವರೆ ಅಡಿಗೆ ಏರಿಸಿದರು. ಪಕ್ಕದಲ್ಲೇ ಇದ್ದ ಗಿಮ್ಲಿನ್ ಅದಕ್ಕಿಂತ ಸಾಕಷ್ಟು ಕಡಿಮೆ ಹೇಳಿದ್ದರು.

ವೇಷದ ವಿಷಯ ಯಾಕೆ ಬಿಟ್ಟೆ ಎಂದು ಕೇಳುತ್ತೀರಿ. ಒಳಗಿದ್ದವನು ನಾನೇ ಎಂದು ಬಾಬ್ ಹಿರಾನಿಮಸ್ ಹೇಳಿದ್ದಾರೆ. ಗೊರಿಲ್ಲಾ ವೇಷ ಮಾರಿದ್ದು ನಾನು ಎಂದು ಫಿಲಿಪ್ ಮಾರಿಸ್ ಹೇಳಿದ್ದಾರೆ. ಒಬ್ಬರು ವರ್ಣಿಸುವುದು ಕುದುರೆ ಚರ್ಮದ ವೇಷ, ಇನ್ನೊಬ್ಬರದು ನೈಲಾನಿನಂಥ ಕೃತಕ ಕೂದಲಿನದು. ಎರಡೂ ಒಟ್ಟಿಗೆ ನಿಜ ಆಗಲಾರವು. ನಂಬದವರು ಇವೆರಡನ್ನೂ ಒಂದೇ ಉಸಿರಲ್ಲಿ ಸಾಕ್ಷಿಯಾಗಿ ಕೊಡುವುದು ನನಗೆ ಹಿಡಿಸುವುದಿಲ್ಲ. ಅದಕ್ಕಿಂತ ಗಟ್ಟಿ ಸಂಗತಿ ಬೇರೆ ಇದೆ. ಇದೇ ಬ್ಲಫ್ ಕ್ರೀಕ್‌ನಲ್ಲಿ 1958ರಲ್ಲಿ ದೊಡ್ಡ ಹೆಜ್ಜೆಗುರುತು ಸಿಕ್ಕಿ 'ಬಿಗ್‌ಫುಟ್' ಹೆಸರು ಪತ್ರಿಕೆಗೆ ಏರಿತ್ತು. 2002ರಲ್ಲಿ ರೇ ವಾಲೇಸ್ ತೀರಿಕೊಂಡ ಮೇಲೆ, ಅವು ಅವರು ಮರದ ಪಾದ ಕಟ್ಟಿಕೊಂಡು ಮಾಡಿದ ತಮಾಷೆ ಎಂದು ಮನೆಯವರೇ ಹೇಳಿದರು.

ಸದ್ಯಕ್ಕೆ ನನ್ನ ನಿಲುವು ಇಷ್ಟು: ಒಳಗೆ ಮನುಷ್ಯ ಇದ್ದ ಎಂದೇ ಅನ್ನಿಸುತ್ತದೆ. ಆದರೆ ಈ ರೀಲಿನಿಂದ ಅದನ್ನೂ ಸಾಧಿಸಲಾಗದು, ಯಾಕೆಂದರೆ ವೇಗ, ಲೆನ್ಸ್ ಎರಡೂ ತೇಲುತ್ತಿವೆ. 'ಮನುಷ್ಯನಿಂದ ಸಾಧ್ಯವೇ ಇಲ್ಲ' ಎನ್ನುವವರು ಮೊದಲು ಎರಡು ಅಂಕಿಯನ್ನೂ ಹೇಳಲಿ.

ಮುಂದಿನ ಕೆಲಸ ಲೆನ್ಸ್ ಪರೀಕ್ಷೆ. 102 ಅಡಿ ದೂರದಲ್ಲಿ ಗುರುತು ಹಾಕಿದ ಬಿದಿರು ಗಳ ನೆಟ್ಟು, 15, 20, 25 ಎಂಎಂ ಮೂರರಲ್ಲೂ ತೆಗೆಯಬೇಕು. 16 ಎಂಎಂ ಫ್ರೇಮಿನ ಅಳತೆಗೆ ಕತ್ತರಿಸಿ ಪಕ್ಕಪಕ್ಕ ಇಡುತ್ತೇನೆ. 20 ಎಂಎಂ ಇನ್ನೂ ಸಿಕ್ಕಿಲ್ಲ. ಹಳೆಯ ಸಿ-ಮೌಂಟ್ ಲೆನ್ಸ್ (16 ಎಂಎಂ ಕ್ಯಾಮೆರಾಗೆ ತಿರುಗಿಸಿ ಹಾಕುವಂಥದು) ಯಾರ ಹತ್ತಿರವಾದರೂ ಇದ್ದರೆ ಎರಡು ದಿನದ ಮಟ್ಟಿಗೆ ಕೊಡಿ.