ಇಪ್ಪತ್ತೊಂದರ ಪಕ್ಕದ ಒಂದು

2014ರ ಏಪ್ರಿಲ್ 7, ಸೋಮವಾರ. ಬೆಳಗಿನ ಜಾವ ನಾಲ್ಕೂವರೆಗೆ ನಾನು ಕಣ್ಣುಜ್ಜುತ್ತಾ ಹಜಾರಕ್ಕೆ ಬರುವಷ್ಟರಲ್ಲಿ ತಮ್ಮ ಟಿವಿಯ ಸದ್ದನ್ನು ಕೇಳಿಯೂ ಕೇಳಿಸದಷ್ಟು ತಗ್ಗಿಸಿ, ಹಳೆಯ ಇನ್ನೂರು ಪುಟದ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅಮೆರಿಕದಲ್ಲಿ ಅದಿನ್ನೂ ಭಾನುವಾರದ ಸಂಜೆ. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಎಂಬ ಕುಸ್ತಿ ಕಂಪನಿಯ ವರ್ಷಕ್ಕೊಮ್ಮೆಯ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಮೂವತ್ತನೆಯದು ಆರಂಭವಾಗುವುದರಲ್ಲಿತ್ತು. ಅವನ ಸಿಇಟಿ ಪರೀಕ್ಷೆ ಹತ್ತಿರವಿತ್ತು, ನನಗೆ ಏಳೂಮುಕ್ಕಾಲಿಗೆ ಆಫೀಸಿನ ಬಸ್ಸು ಹಿಡಿಯಬೇಕಿತ್ತು.

ಆ ನೋಟ್‌ಬುಕ್ಕು ನಾನು ಹೈಸ್ಕೂಲಿನಲ್ಲಿದ್ದಾಗ ಆರಂಭಿಸಿದ್ದು. ಕುಸ್ತಿಪಟುಗಳ ಎತ್ತರ, ತೂಕ, ಎದೆಯಳತೆ ಮುದ್ರಿಸಿದ ಟ್ರಂಪ್ ಕಾರ್ಡುಗಳನ್ನು ಕ್ಲಾಸಿನ ಕೊನೆಯ ಬೆಂಚಿನಲ್ಲಿ ಆಡುತ್ತಿದ್ದ ಕಾಲವದು. ಅಂಡರ್‌ಟೇಕರ್ ಎಂಬ ಕುಸ್ತಿಪಟು ಏಳು ಸಲ ಸತ್ತು ಬದುಕಿದ್ದಾನೆಂದು ಗೆಳೆಯರು ದೇವರಾಣೆ ಹಾಕಿ ಹೇಳುತ್ತಿದ್ದರು. ನಾನು ನಂಬಿರಲಿಲ್ಲವೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಆತ ರೆಸಲ್‌ಮೇನಿಯಾದಲ್ಲಿ ಗೆದ್ದ ಪಂದ್ಯಗಳಿಗೆಂದೇ ಒಂದು ಪುಟವಿತ್ತು. 1991ರಲ್ಲಿ ಜಿಮ್ಮಿ ಸ್ನೂಕಾನನ್ನು ಸೋಲಿಸಿದ್ದು ಮೊದಲನೆಯದು, 2013ರಲ್ಲಿ ಸಿಎಂ ಪಂಕ್‌ನನ್ನು ಸೋಲಿಸಿದ್ದು ಇಪ್ಪತ್ತೊಂದನೆಯದು. ನಡುವೆ 1994 ಮತ್ತು 2000ರಲ್ಲಿ ಆತ ಆಡಿರಲಿಲ್ಲ, ಆಡಿದಾಗಲೆಲ್ಲ ಗೆದ್ದಿದ್ದ. 1993ರ ಸಾಲಿನ ಮುಂದೆ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಏಕೆಂದರೆ ಇಪ್ಪತ್ತೊಂದರಲ್ಲಿ ಅದೊಂದು ಮಾತ್ರ ಎದುರಾಳಿ ಅನರ್ಹಗೊಂಡದ್ದರಿಂದ ದಕ್ಕಿದ ಗೆಲುವು. ಜೈಂಟ್ ಗೊನ್ಸಾಲೆಸ್ ಎಂಬ ಆ ದೈತ್ಯ ಬಟ್ಟೆಯಲ್ಲಿ ಕ್ಲೋರೋಫಾರ್ಮ್ ಹಿಡಿದು ಬಂದಿದ್ದ! ಪುಸ್ತಕ ತಮ್ಮನ ಕೈಗೆ ಹೋದ ಮೇಲೆ ಅವನು ಅಳತೆಪಟ್ಟಿಯಿಟ್ಟು ಇಪ್ಪತ್ತೈದರವರೆಗೆ ಖಾಲಿ ಸಾಲುಗಳನ್ನು ಗೆರೆ ಎಳೆದಿಟ್ಟಿದ್ದ.

ಕಾಫಿ ತಂದ ಅಮ್ಮ ಒಂದು ಗಳಿಗೆ ನಿಂತು ನೋಡಿದರು. “ಸೋಲು ಗೆಲುವು ಎಲ್ಲಾ ಮೊದಲೇ ಬರೆದಿಟ್ಟಿರ್ತಾರಂತಲ್ಲೋ, ಮತ್ತೆ ನೀವೇನು ಬರ್ಕೊಳ್ತೀರಾ?” ಎಂದು ಕೇಳಿದರು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಆರಂಭದಲ್ಲಿಯೇ ಹಳೆಯ ತಲೆಮಾರಿನ ಕುಸ್ತಿಪಟು ಹಲ್ಕ್ ಹೋಗನ್ ರಿಂಗಿಗೆ ಬಂದು, ಸೂಪರ್‌ಡೋಮ್ ಎನ್ನುವ ಬದಲು ‘ಸಿಲ್ವರ್‌ಡೋಮ್’ ಎಂದುಬಿಟ್ಟ. ತಮ್ಮ ಬಿದ್ದು ಬಿದ್ದು ನಕ್ಕ. ನನಗೆ ಮಾತ್ರ ಆ ತಪ್ಪು ಸಹಜವೆನ್ನಿಸಿತು. 1987ರಲ್ಲಿ, ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ನಡೆದ ಮೂರನೆಯ ರೆಸಲ್‌ಮೇನಿಯಾದಲ್ಲಿಯೇ ಹೋಗನ್, 520 ಪೌಂಡ್ ತೂಕದವನೆಂದು ಸಾರಲಾಗಿದ್ದ ಆಂದ್ರೆ ದಿ ಜೈಂಟ್‌ನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ್ದು. ಅಂದು ಸೇರಿದ ಜನರ ಸಂಖ್ಯೆ 93,173 ಎಂಬುದನ್ನು ನಾನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದುಕೊಂಡಿದ್ದೆ. ಡೇವ್ ಮೆಲ್ಟ್‌ಜರ್ ಎಂಬ ಪತ್ರಕರ್ತರ ಲೆಕ್ಕದಲ್ಲಿ ಅದು ಸುಮಾರು 78,000 ಮಾತ್ರವೆಂದು ಬಹಳ ತಡವಾಗಿ ತಿಳಿಯಿತು. ಕುಸ್ತಿಯ ಫಲಿತಾಂಶ ಬರೆದಿಟ್ಟದ್ದೆಂದು ಒಪ್ಪಿಕೊಂಡಿದ್ದ ನನಗೆ, ಜನರ ತಲೆಯೆಣಿಕೆಯೂ ಕಥೆಯ ಭಾಗವೇ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. 2016ರಲ್ಲಿ ಟೆಕ್ಸಾಸ್‌ನಲ್ಲಿ 1,01,763 ಜನ ಸೇರಿದರೆಂದು ಘೋಷಿಸಿದಾಗಲಂತೂ, ಆ ಲೆಕ್ಕದಲ್ಲಿ ಟಿಕೆಟ್ ಪರೀಕ್ಷಿಸುವ ಸಿಬ್ಬಂದಿಯೂ ಸೇರಿದ್ದಾರೆಂದು ಕಂಪನಿಯೇ ಆಮೇಲೆ ಹೇಳಿತು. ಅದೇ ರಾತ್ರಿ ದಿ ರಾಕ್ ಎರಿಕ್ ರೋವನ್‌ನನ್ನು ಆರೇ ಸೆಕೆಂಡುಗಳಲ್ಲಿ ಸೋಲಿಸಿದ್ದನ್ನು ಮಾತ್ರ ಯಾರಾದರೂ ಗಡಿಯಾರ ಹಿಡಿದು ಪರೀಕ್ಷಿಸಬಹುದು.

ಅಂಡರ್‌ಟೇಕರ್ ಮತ್ತು ಬ್ರಾಕ್ ಲೆಸ್ನರ್ ಪಂದ್ಯದ ವೇಳೆಗೆ ನನ್ನ ಬಸ್ಸಿನ ಹೊತ್ತಾಗಿತ್ತು. ಒಂದು ಕಾಲಿಗೆ ಷೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಟಿವಿಯ ಮುಂದೆಯೇ ನಿಂತಿದ್ದೆ. ನಲವತ್ತೊಂಬತ್ತು ವರ್ಷದ ಅಂಡರ್‌ಟೇಕರ್ ಅಂದು ನಿಧಾನವಾಗಿದ್ದ. ಎದ್ದು ನಿಲ್ಲುವುದರಲ್ಲೇ ಏನೋ ತಡವರಿಕೆ ಕಾಣುತ್ತಿತ್ತು. ಅದೂ ಅಭಿನಯವೇ ಇರಬೇಕೆಂದು ನಾನು ತಮ್ಮನಿಗೆ ಹೇಳಿದೆ. ಲೆಸ್ನರ್ ಆತನನ್ನು ಮೂರನೆಯ ಸಲ ಹೆಗಲಿಗೆತ್ತಿ, ಗಿರ್ರನೆ ತಿರುಗಿಸಿ ಕೆಡವಿ, ಮೇಲೆ ಬಿದ್ದ. ರೆಫರಿ ಒಂದು, ಎರಡು, ಮೂರು ಎಣಿಸಿದ.

ಗೆದ್ದವನ ಹಾಡು ಕೂಡಲೇ ಮೊಳಗಬೇಕಿತ್ತು, ಮೊಳಗಲಿಲ್ಲ. ಎಪ್ಪತ್ತೈದು ಸಾವಿರ ಜನರೆಂದು ಹೇಳಲಾದ ಆ ಕ್ರೀಡಾಂಗಣದ ಮೌನ ನಮ್ಮ ಹಜಾರದವರೆಗೂ ಬಂದಂತಿತ್ತು. ಟಿವಿ ಕೆಟ್ಟಿರಬೇಕೆಂದು ತಮ್ಮ ರಿಮೋಟ್ ಹಿಡಿದು ಸದ್ದು ಹೆಚ್ಚಿಸಿದ. ಸ್ವಲ್ಪ ಹೊತ್ತಿನ ನಂತರ ದೊಡ್ಡ ಪರದೆಯ ಮೇಲೆ 21-1 ಎಂಬ ಅಂಕಿಗಳು ಬೆಳಗಿದವು. ಅದರ ಬೆನ್ನಿಗೇ ಬಂದ ಮಹಿಳೆಯರ ಪಂದ್ಯವನ್ನು ನೋಡುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ, ನಾವೂ ಇರಲಿಲ್ಲ. ಮಹಿಳೆಯರ ಪಂದ್ಯವೊಂದು ರೆಸಲ್‌ಮೇನಿಯಾದ ಕೊನೆಯ, ಪ್ರಧಾನ ಪಂದ್ಯವಾಗಲು ಅವರು 2019ರವರೆಗೆ ಕಾಯಬೇಕಾಯಿತು. “ಬರಿ” ಎಂದೆ. “ನೀನೇ ಬರ್ಕೋ ಅಣ್ಣ” ಎಂದು ತಮ್ಮ ಪುಸ್ತಕವನ್ನು ನನ್ನ ಕಡೆ ತಳ್ಳಿ ಸ್ನಾನಕ್ಕೆ ಎದ್ದುಹೋದ. ನಾನೂ ಬರೆಯಲಿಲ್ಲ. ಬಸ್ಸು ತಪ್ಪಿತು, ಆಫೀಸಿನ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತು.

ಆ ಪಂದ್ಯದಲ್ಲಿ ಅಂಡರ್‌ಟೇಕರ್‌ಗೆ ತಲೆಗೆ ತೀವ್ರ ಪೆಟ್ಟಾಗಿತ್ತೆಂದು, ಪಂದ್ಯದ ನಂತರ ಆತನನ್ನು ಆಸ್ಪತ್ರೆಗೆ ಒಯ್ಯಲಾಯಿತೆಂದು ನಾವು ಓದಿದ್ದು ಆಮೇಲೆ. ಅಂದು ಮಧ್ಯಾಹ್ನದ ನಂತರದ್ದೇನೂ ನೆನಪಿಲ್ಲವೆಂದು ಆತನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಸೋಲು ಬರೆದಿಟ್ಟದ್ದು, ಪೆಟ್ಟು ಮಾತ್ರ ಬರೆದಿಟ್ಟದ್ದಲ್ಲ. ತಡವರಿಕೆಯನ್ನು ಅಭಿನಯವೆಂದ ನನ್ನ ಮಾತು ಈಗಲೂ ಚುಚ್ಚುತ್ತದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವರು, “ಪಾಪ, ಹೆಂಡತಿ ಮಕ್ಕಳು ಎಷ್ಟು ಹೆದರಿದ್ದರೋ” ಎಂದಷ್ಟೇ ಹೇಳಿದರು.

ಆತ ಆಮೇಲೂ ಆಡಿದ. ಬ್ರೇ ವ್ಯಾಟ್, ಶೇನ್ ಮೆಕ್‌ಮಹನ್, ಜಾನ್ ಸೀನಾ ಅವರನ್ನು ಸೋಲಿಸಿದ. 2017ರಲ್ಲಿ ರೋಮನ್ ರೇನ್ಸ್‌ಗೆ ಸೋತ. 2020ರ ಏಪ್ರಿಲ್‌ನಲ್ಲಿ ಕೊರೋನಾದಿಂದಾಗಿ ಪ್ರೇಕ್ಷಕರೇ ಇಲ್ಲದ ರೆಸಲ್‌ಮೇನಿಯಾ ಮೊದಲ ಬಾರಿಗೆ ಎರಡು ರಾತ್ರಿಗಳಿಗೆ ಹಂಚಿಕೊಂಡು ನಡೆದಾಗ, ಮೊದಲೇ ಚಿತ್ರೀಕರಿಸಿದ ಸ್ಮಶಾನದ ಪಂದ್ಯವೊಂದರಲ್ಲಿ ಎಜೆ ಸ್ಟೈಲ್ಸ್‌ನನ್ನು ಹೂತುಹಾಕಿ ಗೆದ್ದ. ಲಾಕ್‌ಡೌನ್‌ನಲ್ಲಿ ತಮ್ಮ ಊರಲ್ಲಿದ್ದ, ನಾನು ಬೆಂಗಳೂರಿನಲ್ಲಿದ್ದೆ. ಅಂದು ಸಂಜೆ ಮೊಬೈಲಿಗೆ ಒಂದು ಫೋಟೋ ಬಂತು. ಅಂಚು ಹರಿದ ಆ ಪುಟದಲ್ಲಿ ಅವನು ಗೆರೆ ಎಳೆದಿಟ್ಟಿದ್ದ ಇಪ್ಪತ್ತೈದನೆಯ ಸಾಲು ತುಂಬಿತ್ತು. ಕೆಳಗಿನ ಖಾಲಿ ಜಾಗದಲ್ಲಿ, ಗೆರೆಯಿಲ್ಲದೆ, ಪೆನ್ಸಿಲ್ಲಿನಲ್ಲಿ ಎರಡು ಹೆಸರುಗಳಿದ್ದವು: ಲೆಸ್ನರ್, ರೇನ್ಸ್.