ಎಂದರೆ ಸರಿ

ಸಮನ್ಸ್ ಕೈಗೆ ಬಂದಾಗ ನನ್ನ ಬಾಯಿಂದ ಮೊದಲು ಬಂದದ್ದು, "ನಾನೇನು ತಪ್ಪು ಮಾಡ್ದೆ ಸಾರ್?" ಆಸ್ಪತ್ರೆಯ ರೆಕಾರ್ಡ್ ರೂಮಿನವರು ನಕ್ಕರು. "ನೀನಲ್ಲಪ್ಪ, ನಿನ್ನ ರಿಪೋರ್ಟು."

ನಾನು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇದು 2023ರ ಮಾತು. ಅದಕ್ಕೆ ಎರಡು ವರ್ಷ ಮೊದಲು, ಒಂದು ರಾತ್ರಿ ಪಾಳಿಯಲ್ಲಿ ಹೈವೇಯಿಂದ ಇಬ್ಬರನ್ನು ತಂದಿದ್ದರು. ಬೈಕಿಗೆ ಲಾರಿ ಗುದ್ದಿತ್ತು. ಬೈಕ್ ಓಡಿಸುತ್ತಿದ್ದವನು ಈಗ ಪರಿಹಾರ ಕೇಳಿದ್ದ. ಅವನು ಕುಡಿದಿದ್ದ, ತಪ್ಪಿನಲ್ಲಿ ಅವನ ಪಾಲೂ ಇದೆ, ಹಣ ಕಡಿಮೆ ಮಾಡಿ ಅನ್ನುವುದು ಲಾರಿಯ ಇನ್ಶೂರೆನ್ಸ್‌ನವರ ವಾದ. ಅವರ ಕೈಯಲ್ಲಿದ್ದ ದಾಖಲೆ ನಾನು ಸಹಿ ಹಾಕಿದ ಒಂದು ಹಾಳೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಆಲ್ಕೋಹಾಲ್, 100 ಮಿ.ಲೀ.ಗೆ 110 ಮಿಲಿಗ್ರಾಂ. ಗಾಡಿ ಓಡಿಸುವವರಿಗೆ ಕಾನೂನು ಬಿಡುವುದು 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಅಷ್ಟೇ.

ಆ ಟೆಸ್ಟನ್ನು ನಾವು ಕೋರ್ಟಿಗೆ ಅಂತ ಮಾಡಿದ್ದಲ್ಲ. ತಲೆಗೆ ಪೆಟ್ಟು ಬಿದ್ದವನು ಮಂಪರಿನಲ್ಲಿದ್ದರೆ ಅದು ಕುಡಿತದ್ದೋ, ಒಳಗೆ ರಕ್ತಸ್ರಾವ ಆಗಿದೆಯೋ ಡಾಕ್ಟರಿಗೆ ಬೇಗ ಗೊತ್ತಾಗಬೇಕು. ಅದಕ್ಕೇ ಮಾಡಿದ್ದು. ಪೊಲೀಸರು ಮಾಡಿಸುವ ರಕ್ತ ಪರೀಕ್ಷೆಯ ದಾರಿಯೇ ಬೇರೆ. ಸೋಡಿಯಂ ಫ್ಲೋರೈಡ್ ಹಾಕಿದ ಬಾಟಲಿ, ಅರಗಿನ ಸೀಲು, ಡಾಕ್ಟರ್ ಸಹಿ, ಆಮೇಲೆ ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ. ನಮ್ಮದು ಹಳದಿ ಮುಚ್ಚಳದ ಟ್ಯೂಬು. ಸಕ್ಕರೆ, ಕ್ರಿಯಾಟಿನಿನ್ ಜೊತೆಗೆ ಅದೇ ಮಷೀನಿಗೆ ಹೋಗುತ್ತದೆ.

ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟಿಗೆ ಹೋದವನನ್ನು ಕೂಗಿದ್ದು ಮೂರೂವರೆಗೆ. ಪ್ರಮಾಣ ಮಾಡಿಸಿದರು. ಕಂಪನಿ ವಕೀಲರ ಪ್ರಶ್ನೆಗಳು ಐದು ನಿಮಿಷದಲ್ಲಿ ಮುಗಿದವು. ಇದು ನಿಮ್ಮ ಸಹಿಯೇ? ಹೌದು. ಮಷೀನ್ ಸರಿಯಿತ್ತೇ? ಬೆಳಿಗ್ಗೆ ಕಂಟ್ರೋಲ್, ಅಂದ್ರೆ ಉತ್ತರ ಮೊದಲೇ ಗೊತ್ತಿರೋ ಸ್ಯಾಂಪಲ್, ಹಾಕಿದ್ವಿ, ಸರಿಯಿತ್ತು. ಕಂಪ್ಯೂಟರ್ ಪ್ರಿಂಟನ್ನು ಸಾಕ್ಷಿಯಾಗಿ ಒಪ್ಪಲು ಬೇಕಾದ 65ಬಿ ಸರ್ಟಿಫಿಕೇಟ್ ಇಲ್ಲ ಅಂತ ಆ ಕಡೆಯವರು ಎದ್ದರು. ಜಡ್ಜ್ ತಲೆಯೆತ್ತದೆ, "ಆಕ್ಷೇಪಣೆ ಬರೆದುಕೊಂಡು ಗುರುತಿಸಿ" ಅಂದರು. ನನ್ನ ಹಾಳೆಗೆ ಕೋರ್ಟಿನ ಗುರುತು ಬಿತ್ತು, ನಿ.ಆರ್.4 ಆಯಿತು.

ಆಮೇಲೆ ಪಾಟಿ ಸವಾಲು. ಗಾಯಾಳುವಿನ ಪರ ವಕೀಲರಿಗೆ ಅರವತ್ತು ದಾಟಿರಬೇಕು, ದನಿ ಎತ್ತಲೇ ಇಲ್ಲ.

"ಸೀರಮ್ಮೂ ರಕ್ತವೂ ಒಂದೇನಾ?"

"ಅಲ್ಲ ಸಾರ್. ಸೀರಮ್‌ನಲ್ಲಿ ಸ್ವಲ್ಪ ಜಾಸ್ತಿ ಬರುತ್ತೆ."

"ಎಷ್ಟು?"

"ನೂರಕ್ಕೆ ಹದಿನೈದರ ಆಸುಪಾಸು. ಒಬ್ಬೊಬ್ಬರಿಗೆ ಒಂದೊಂದು ಥರ."

ನನ್ನ ಉತ್ತರವನ್ನು ಜಡ್ಜ್ ಕೋರ್ಟಿನ ಭಾಷೆಗೆ ತಿರುಗಿಸಿ ಸ್ಟೆನೋಗೆ ಹೇಳಿ ಬರೆಸಿದರು: "ನಿ.ಆರ್.4ರಲ್ಲಿರುವುದು ರಕ್ತದ ಪ್ರಮಾಣವಲ್ಲ ಎಂದರೆ ಸರಿ." ನನಗೆ ಕಸಿವಿಸಿ. ಲೆಕ್ಕ ಹಾಕಿದರೂ 95ರ ಹತ್ತಿರ ಬರುತ್ತೆ, 30ರ ಮೂರು ಪಟ್ಟು! ಆದರೆ ಅದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳಬಾರದು ಅಂತ ರೆಕಾರ್ಡ್ ರೂಮಿನವರು ಮೊದಲೇ ಹೇಳಿ ಕಳಿಸಿದ್ದರು.

ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿ ಒರೆಸಿದ್ದರಾ? ನಾನು ನೋಡಿಲ್ಲ. ಸ್ಪಿರಿಟ್ ಆರಿದ್ದರೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಆಗಲ್ಲ, ಆರಿತ್ತಾ ಅನ್ನೋದು ನನಗೇನು ಗೊತ್ತು? ಉಳಿದ ಸ್ಯಾಂಪಲ್ ಎಲ್ಲಿ? ಒಂದು ವಾರ ಇಟ್ಟು ಬಿಸಾಡುತ್ತೇವೆ. ಎಲ್ಲದರ ಹಿಂದೆಯೂ ಜಡ್ಜ್ ಅವರ ಅದೇ ರಾಗ, "ಎಂದರೆ ಸರಿ."

ಇಷ್ಟರವರೆಗೆ ನಾನು ಗಟ್ಟಿಯಾಗೇ ಇದ್ದೆ. ಆಗ ಆ ವಕೀಲರು ಕೇಸ್ ಶೀಟಿನ ಇನ್ನೊಂದು ಹಾಳೆ ಮುಂದಿಟ್ಟರು. ರಕ್ತ ತೆಗೆದಾಗ ಗಾಯಾಳುಗಳ ಹೆಸರು ಗೊತ್ತಿರಲಿಲ್ಲ. ಕ್ಯಾಶುವಾಲ್ಟಿಯವರು 'ಅನ್‌ನೋನ್ 1', 'ಅನ್‌ನೋನ್ 2' ಅಂತ ಚೀಟಿ ಅಂಟಿಸಿದ್ದರು. ನನ್ನ ರಿಪೋರ್ಟಿನಲ್ಲೂ 'ಅನ್‌ನೋನ್ 2' ಅಂತ ಅಚ್ಚಾಗಿತ್ತು. ಅದನ್ನು ನೀಲಿ ಪೆನ್ನಿನಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ಬೈಕ್ ಓಡಿಸುತ್ತಿದ್ದವನ ಹೆಸರು ಬರೆದಿದ್ದರು. ಸಹಿ ಇಲ್ಲ, ಹೊತ್ತಿಲ್ಲ.

"ಈ ನೀಲಿ ಅಕ್ಷರ ನಿಮ್ಮದಾ?"

"ಅಲ್ಲ ಸಾರ್."

"ಹಿಂದೆ ಕೂತಿದ್ದವನ ರಕ್ತವೂ ಅವತ್ತೇ ಬಂದಿತ್ತು ಅಲ್ವಾ?"

"ಬಂದಿತ್ತು."

"ಇದು ಓಡಿಸುತ್ತಿದ್ದವನದ್ದೇ ಅಂತ ನೀವು ಹೇಳಬಲ್ಲಿರಾ?"

ಮಷೀನ್ ಬಗ್ಗೆ ಎಷ್ಟು ಬೇಕಾದರೂ ಹೇಳುತ್ತಿದ್ದೆ. ಇದಕ್ಕೆ ಏನು ಹೇಳಲಿ? ಗೊಂದಲ ಆಗಿರಲಿಲ್ಲ ಅಂತಲೇ ನನ್ನ ನಂಬಿಕೆ. ಆದರೆ ನಂಬಿಕೆಯನ್ನು ಅಲ್ಲಿ ಬರೆದುಕೊಳ್ಳುವುದಿಲ್ಲ. "ಇಲ್ಲ ಸಾರ್" ಅಂದೆ. ಸ್ಟೆನೋ ಟಕಟಕ ಕುಟ್ಟಿದಳು. "ಅಲ್ಲದೆ, ಹಿಂದಿನಿಂದ ಬಂದು ಗುದ್ದಿದ್ದು ಲಾರಿ" ಅಂತ ವಕೀಲರು ಯಾರಿಗೂ ಹೇಳದವರಂತೆ ಹೇಳಿ ಕೂತರು.

ಬೈಕಿನವನು ಊರುಗೋಲು ತೊಡೆಯ ಮೇಲಿಟ್ಟುಕೊಂಡು ಕೊನೇ ಬೆಂಚಲ್ಲಿ ಕೂತಿದ್ದ. ಹೊರಗೆ ಬರುವಾಗ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ ಅನ್ನಿ. ಬತ್ತಾ ಇಸ್ಕೊಂಡು, ರಿಜಿಸ್ಟರಿಗೆ ಸಹಿ ಹಾಕಿ ಬಸ್ ಹತ್ತಿದೆ. ತೀರ್ಪು ಏನಾಯ್ತು ಅಂತ ನನಗೆ ಯಾರೂ ಹೇಳಿಲ್ಲ.

ಆ ವಾರವೇ ನನಗೆ ಮತ್ತೆ ರಾತ್ರಿ ಪಾಳಿ. ಎರಡು ಗಂಟೆಗೆ ಕ್ಯಾಶುವಾಲ್ಟಿಯಿಂದ ಒಂದು ಟ್ಯೂಬು ಬಂತು. ಹೆಸರಿತ್ತು, ಹೊತ್ತಿರಲಿಲ್ಲ. ಫೋನ್ ಮಾಡಿದೆ.

"ಸಿಸ್ಟರ್, ಎಷ್ಟೊತ್ತಿಗೆ ತೆಗೆದಿದ್ದು? ಯಾರು ತೆಗೆದಿದ್ದು?"

"ಅಯ್ಯೋ, ಸುಮ್ನೆ ಹಾಕಿ ಬ್ರದರ್, ಇಲ್ಲಿ ನಾಲ್ಕು ಜನ ಕಾಯ್ತಿದಾರೆ."

ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು, ನಾನೇ ಮೆಟ್ಟಿಲಿಳಿದು ಹೋದೆ.